ಹಡಗಿನಲ್ಲಿ ಐದು ಸೀಟು

ಇಲ್ಲ ಸೀತು, ಇದರಲ್ಲಿ ನಗುವಂಥದ್ದು ಎಂತದೂ ಇಲ್ಲ. ಹಡಗಿನಲ್ಲಿ ಮುಂದಿನ ಸೀಟು ಖಾಲಿ ಉಂಟಾ ಅಂತ ಕೇಳಿದೆ. ಕೇಳಬೇಕಲ್ಲ ಮತ್ತೆ? ಪುತ್ತೂರು ಸ್ಟ್ಯಾಂಡಿನಲ್ಲಿ ಬಸ್ಸಿಗೆ ಜನ ಹತ್ತಿಸಿ ಹತ್ತಿಸಿ ತಲೆ ನರೆತ ಏಜೆಂಟ ನಾನು. ಸೀಟು ಎಲ್ಲಿ ಅಂತ ಕೇಳದೆ ಟಿಕೇಟಿನ ಮಾತಾಡಿದ್ದುಂಟಾ? ಆ ಮಂಗಳೂರಿನ ಟಿಕೇಟಿನವ ಫೋನಿನಲ್ಲೇ ನಗಾಡಿದ. ಟ್ರಂಕ್ ಕಾಲ್ ನನ್ನದು, ನಗು ಅವನದ್ದು. ಈಗ ಮನೆಗೆ ಬಂದರೆ ಸ್ವಂತ ಹೆಂಡತಿಯೂ...

ಆಯ್ತು, ನಗು. ನಕ್ಕು ಮುಗಿಸು. ಕೈ ಮಾತ್ರ ನಿಲ್ಲಿಸಬೇಡ, ಸಂಜೆಗೆ ಬೀಡಿ ಕಂಪೆನಿಯ ಬ್ರಾಂಚಿಗೆ ಕಟ್ಟು ಕೊಡ್ಲಿಕ್ಕೆ ಉಂಟಲ್ಲ ನಿನಗೆ. ಕೈ ಬೀಡಿ ಕಟ್ಟಲಿ, ಕಿವಿ ಇತ್ಲಾಗಿ ಕೊಡು. ಮಕ್ಕಳು ಶಾಲೆಯಿಂದ ಬರುವ ಮೊದಲು, ಸಣ್ಣವ ಏಳುವ ಮೊದಲು, ನಾವಿಬ್ಬರೂ ಕೂತು ಮಾತಾಡುವ ಅಂತಲೇ ಮೂರು ಗಂಟೆಯ ಸುಳ್ಯ ಬಸ್ಸನ್ನು ಬೇರೆಯವನ ತಲೆಗೆ ಕಟ್ಟಿ ಬಂದದ್ದು ನಾನು. ಯಾವ ಹಡಗು, ಎಲ್ಲಿಂದ ಹತ್ತುದು, ಎಲ್ಲಿ ಕೂರುದು, ಎಲ್ಲ ನಿನ್ನನ್ನು ಕೇಳಿಯೇ ತೀರ್ಮಾನ. ನಿನ್ನನ್ನು ಕೇಳದೆ ನಾನು ಎಂತ ಮಾಡಿದ್ದುಂಟು ಹೇಳು?

ಕೆಮ್ಮಬೇಡ. ಹೊಗೆಸೊಪ್ಪಿನ ಕೆಮ್ಮು ಯಾವುದು, ನನಗೆ ಹೇಳುವ ಕೆಮ್ಮು ಯಾವುದು ಅಂತ ನನಗೆ ಗೊತ್ತಾಗ್ತದೆ.

ತಪ್ಪು ನನ್ನದೇ, ಒಪ್ಪಿದೆ. ಮಹಾಲಿಂಗನಿಗೆ ಏಳನೇ ಪಾಸಾದರೆ ಹಡಗಿನಲ್ಲಿ ಕರ್ಕೊಂಡು ಹೋಗ್ತೇನೆ ಅಂತ ಹೇಳಿದವ ನಾನೇ. ಅವ ಪಾಸಾಗುದಿಲ್ಲ ಅನ್ನುವ ಧೈರ್ಯ ಇತ್ತು ನನಗೆ. ಸೈಕಲ್ಲು ಅಂದಿದ್ದರೆ ನಾಳೆ ಅಂಗಡಿ ಎದುರು ನಿಂತು ಹಟ ಹಿಡೀತಿದ್ದ. ಹಡಗು ಪುತ್ತೂರಿಗೆ ಬರುವ ವಸ್ತುವಾ? ಅದಕ್ಕೇ ಹಡಗು ಅಂದೆ. ಆ ಕತ್ತೆ ಹೋಗಿ ಪಾಸಾಗಿ ಬಂದ. ಪಾಸಾದವನಿಗೆ ಬೈಲಿಕ್ಕಾಗ್ತದಾ? ಮಳೆಗಾಲದಲ್ಲಿ ಹಡಗು ಹೋಗುದಿಲ್ಲ ಮಗಾ ಅಂತ ನಾಲ್ಕು ತಿಂಗಳು ತಳ್ಳಿದೆ. ಈಗ ಮಳೆ ಹೊಳವಾಯ್ತು. ಅವ ದಿನಾ ಬೆಳಿಗ್ಗೆ ಅಂಗಳಕ್ಕೆ ಬಂದು ಮೊದಲು ಆಕಾಶ ನೋಡ್ತಾನೆ, ಆಮೇಲೆ ನನ್ನ ಮುಖ ನೋಡ್ತಾನೆ. ನನಗೆ ಚಾ ಇಳಿಯುದಿಲ್ಲ.

ಅವನೊಬ್ಬನೇ ಆದರೆ ಕೈ ಹಿಡಿದು ಬಂದರಿಗೆ ಕರ್ಕೊಂಡು ಹೋಗಿ, ಅಗೋ ನೋಡು ಹಡಗು, ಅಂತ ತೋರಿಸಿ ತರಬಹುದಿತ್ತು. ಈಗ ನಾಲ್ಕೂ ಮಕ್ಕಳು ಹೊರಟು ಕೂತಿದ್ದಾರೆ. ನಾಲ್ಕೂ ನಾಲ್ಕು ಪ್ರಾಯ, ನಾಲ್ಕು ನಮೂನೆ. ಬಸ್ಸಾದರೆ ನನಗೆ ಲೆಕ್ಕ ಉಂಟು. ವಾಂತಿ ಮಾಡುವವರನ್ನು ಮುಂದೆ, ಮುದುಕರನ್ನು ನಡುವೆ, ಕಾಲೇಜಿನ ಹುಡುಗರನ್ನು ಹಿಂದೆ. ಚಕ್ರದ ಮೇಲಿನ ಸೀಟು ಮಾತಾಡದವರಿಗೆ. ಹಡಗಿನಲ್ಲಿ ಚಕ್ರ ಎಲ್ಲಿ ಉಂಟು ಅಂತ ಯಾರಿಗೆ ಗೊತ್ತು?

ಮೊದಲು ನಾನು ನೋಡಿದ್ದು ಮಂಜಿ. ನಮ್ಮ ಆಚೆಮನೆ ಆಯಿಶಮ್ಮನ ತಮ್ಮನದ್ದು, ಮಂಗಳೂರು ಬಂದರಿನಿಂದ ಹಂಚು ತುಂಬಿಸಿಕೊಂಡು ಹೋಗುವ ಮರದ ಹಡಗು. ಒಳ್ಳೆ ಮನುಷ್ಯ ಅವ, ನೀವು ಬನ್ನಿ ಸಂಕಪ್ಪಣ್ಣ, ಹಂಚಿನ ಮೇಲೆ ಚಾಪೆ ಹಾಕಿ ಕೊಡ್ತೇನೆ ಅಂದ. ನಾನು ಕಕ್ಕಸು ಎಲ್ಲಿ ಕೇಳಿದೆ. ಅವ ಹಿಂಬದಿಗೆ ಕರ್ಕೊಂಡು ಹೋಗಿ ಹೊರಗೆ ನೇತಾಡುವ ಹಲಗೆ ಒಂದನ್ನು ತೋರಿಸಿದ. ಕೆಳಗೆ ಎಂತ ಉಂಟು ಅಂತ ನೋಡಿದೆ. ಸಮುದ್ರವೇ ಇದ್ದದ್ದು. ಅದನ್ನು ಮನೆಗೆ ಬಂದು ನಮ್ಮ ದೊಡ್ಡವಳು ದಮಯಂತಿಗೆ ಹೇಳಿದ್ದು ನನ್ನ ಬುದ್ಧಿಗೇಡಿತನ. ಹದಿನೇಳು ವರ್ಷದ ಹುಡುಗಿ, ಕಾಲೇಜಿಗೆ ಹೋಗುವವಳು. ಚಿಲಕ ಇರುವ ಬಾಗಿಲಿಲ್ಲದ ಹಡಗಿಗೆ ನಾನು ಕಾಲಿಡುದಿಲ್ಲ ಅಂತ ಹೇಳಿ ಎರಡು ದಿನ ನನ್ನ ಹತ್ರ ಮಾತಾಡ್ಲಿಲ್ಲ. ಮಹಾಲಿಂಗ ಆ ಹಲಗೆ ನೋಡ್ಲಿಕ್ಕೇ ಹೋಗುವ ಅಂತ ಕುಣಿದ.

ಎರಡನೆಯದ್ದು ಕೊಚ್ಚಿಯಿಂದ ದ್ವೀಪಕ್ಕೆ ಹೋಗುವ ಹಡಗು. ಲಾಯ್ಕ ಉಂಟಂತೆ, ಬೆಳ್ಳಗೆ, ದೊಡ್ಡದು. ಆದರೆ ಅದು ದ್ವೀಪದ ಹತ್ರ ಹೋಗುದೇ ಇಲ್ಲವಂತೆ ಮಾರಾಯ್ತಿ. ನೀರಿನ ನಡುವೆ ನಿಲ್ಲಿಸ್ತಾರಂತೆ, ಅಲ್ಲಿಂದ ಸಣ್ಣ ದೋಣಿಗೆ ಹಾರಬೇಕಂತೆ. ಸ್ಟಾಪು ಇಲ್ಲದಲ್ಲಿ ಇಳಿಸುವ ಗಾಡಿಗೆ ನಾನು ಬೇರೆಯವರ ಮಕ್ಕಳನ್ನೇ ಹತ್ತಿಸಿದ್ದಿಲ್ಲ. ಇನ್ನು ನಮ್ಮ ಸಣ್ಣವನನ್ನು ಹತ್ತಿಸ್ತೇನಾ? ಮೂರು ವರ್ಷ ಆಗ್ಲಿಲ್ಲ, ಕೈ ಬಿಟ್ಟರೆ ತೋಟದ ಕೆರೆಯಲ್ಲಿ ಕಾಲು ಹಾಕಿ ಕೂರುವವ.

ಹಾಗಾಗಿ ಉಳಿದದ್ದು ಪಣಜಿಯ ಸ್ಟೀಮರು. ಬೆಳಿಗ್ಗೆ ಪಣಜಿ ಬಿಟ್ಟರೆ ಮರುದಿನ ಬೆಳಿಗ್ಗೆ ಬೊಂಬಾಯಿ. ಬೊಂಬಾಯಿಯಲ್ಲಿ ಎಲ್ಲಿ ಉಳಿಯುದು ಅನ್ನುವ ಮಂಡೆಬಿಸಿಯೂ ಇಲ್ಲ, ನಿನ್ನ ತಮ್ಮ ತ್ಯಾಂಪಣ್ಣ ಇದ್ದಾನಲ್ಲ. ಹೋಟೆಲಿನವರು ಕೊಟ್ಟ ರೂಮು ಉಂಟು ಅವನಿಗೆ. ಹಡಗುಕಟ್ಟೆಗೇ ಬಂದು ಕಾಯ್ತಾನಂತೆ. ಎಷ್ಟು ವರ್ಷ ಆಯ್ತು ಅವ ಊರಿಗೆ ಬಾರದೆ? ಹೌದಾ, ಅಷ್ಟಾಯ್ತಾ... ನಿನಗೆ ಎಲ್ಲ ನೆನಪಿರ್ತದೆ.

ಈಗ ಸ್ಟೀಮರಿನೊಳಗೆ ಎಲ್ಲಿ ಅನ್ನುವುದು ಉಳೀತು. ಅದರಲ್ಲಿ ಕೆಳಗೊಂದು ಅಟ್ಟ, ಮೇಲೊಂದು ಅಟ್ಟ. ಸೀಟು ಇಲ್ಲ. ನಿಜ ಮಾರಾಯ್ತಿ, ಟಿಕೇಟು ಉಂಟು, ಸೀಟು ಇಲ್ಲ. ಅದಕ್ಕೇ ಅವ ನಗಾಡಿದ್ದು. ಚಾಪೆ ಹಾಸಿದವನದ್ದೇ ಜಾಗ. ದುಡ್ಡಿದ್ದವರಿಗೆ ಕೋಣೆಯೂ ಉಂಟು. ದಮಯಂತಿಗೆ ಕೋಣೆಯೇ ಬೇಕು, ಜನರ ಎದುರು ಚಾಪೆಯಲ್ಲಿ ಮಲಗುದಿಲ್ಲವಂತೆ. ಮಹಾಲಿಂಗನಿಗೆ ಕೆಳಗಿನ ಅಟ್ಟ, ಅಲ್ಲಿ ಇಂಜಿನು ಕಾಣ್ತದೆ. ಅಮ್ಮುವಿಗೆ ಕೆಳಗೆ ಆಗುದೇ ಇಲ್ಲ. ಒಣಮೀನಿನ ಬುಟ್ಟಿ ಪೂರ ಅಲ್ಲೇ ಇಡುದಂತೆ. ನಮ್ಮ ಬಸ್ಸಿನಲ್ಲಿಯೇ ಕಬಕ ತಲುಪುವ ಮೊದಲು ಲಿಂಬೆಹುಳಿ ಮೂಗಿಗೆ ಹಿಡಿಯುವ ಹುಡುಗಿ ಅದು. ಎಂಟು ವರ್ಷದಲ್ಲಿ ಎಷ್ಟು ಜನರ ಬಿಳಿ ಪಂಚೆ ಹಾಳು ಮಾಡಿದ್ದಾಳೆ ಅಂತ ನನಗೊಬ್ಬನಿಗೇ ಗೊತ್ತು, ಸಮಾಧಾನ ಹೇಳಿದವ ನಾನಲ್ವಾ. ಅವಳಿಗೆ ಮೇಲಿನ ಅಟ್ಟದ ಗಾಳಿ ಬೇಕು. ಮೇಲೆ ಹೋದರೆ ಸಣ್ಣವ ಕಂಬಿಯ ಸಂದಿನಲ್ಲಿ ನುಗ್ಗುತ್ತಾನೆ.

ಅದಕ್ಕೂ ಉಪಾಯ ಮಾಡಿದೆ. ಮೇಲಿನ ಅಟ್ಟ, ನಡುವಿನ ಜಾಗ. ಸಣ್ಣವನ ಸೊಂಟಕ್ಕೊಂದು ಹಗ್ಗ, ಅದರ ಇನ್ನೊಂದು ತುದಿ ನನ್ನ ಸೊಂಟಕ್ಕೆ. ಬಸ್ಸಿನ ಟಾಪಿನಲ್ಲಿ ಲಗೇಜು ಕಟ್ಟುವ ಗಂಟು ಉಂಟಲ್ಲ, ಅದನ್ನೇ ಹಾಕುದು. ಗುತ್ತಿಗಾರಿನ ತಿರುವಿನಲ್ಲಿ ಬಾಳೆಗೊನೆ ಬಿಚ್ಚಿ ಬೀಳದ ಗಂಟು ಅದು. ದಮಯಂತಿಗೆ ಎರಡು ಸೀರೆ ಕಟ್ಟಿ ಮರೆ. ಅಮ್ಮು ಗಾಳಿಗೆ. ಮಹಾಲಿಂಗನನ್ನು ಇಂಜಿನು ತೋರಿಸ್ಲಿಕ್ಕೆ ಶೀನಪ್ಪಣ್ಣ ಕರ್ಕೊಂಡು ಹೋಗ್ತಾರೆ...

ಹೌದು, ಶೀನಪ್ಪಣ್ಣ. ಹೇಳಲಿಲ್ವಾ ನಾನು? ನಮ್ಮ ಸುಳ್ಯ ಲೈನಿನ ಹಳೇ ಡ್ರೈವರು, ರಿಟೈರಾದವರು, ನಿನಗೆ ಗೊತ್ತಿಲ್ವಾ. ಅವರೂ ಬರ್ತಾರೆ. ಈ ಸ್ಟೀಮರಿನಲ್ಲಿ ಎರಡು ಸರ್ತಿ ಹೋಗಿ ಬಂದವರು. ಹಿಂದಿಯೂ ಬರ್ತದೆ.

ಯಾಕೆ ಬಾಯಿಗೆ ಸೆರಗು ಹಿಡಿದದ್ದು? ಬರ್ತದೆ ಮಾರಾಯ್ತಿ. ಚಲೋ, ರುಕೋ ಎರಡೇ ಬರುದು ಅಂತ ಯಾರು ಹೇಳಿದ್ದು ನಿನಗೆ? ದಮಯಂತಿಯಾ? ಅವಳು ಹಿಂದಿ ಪರೀಕ್ಷೆ ಪಾಸಾದದ್ದು ನನಗೂ ಗೊತ್ತುಂಟು. ಆದರೆ ಹುಡುಗಿ ಹತ್ರ ದಾರಿ ಕೇಳಿಸುದು ಹೇಗೆ? ನೋಡು, ನಿನ್ನ ಹತ್ರ ಮುಚ್ಚಿಡುದು ಎಂತ. ಪುತ್ತೂರಿನಲ್ಲಿ ಪ್ರತಿಯೊಬ್ಬ ನನ್ನನ್ನು ಕೇಳುದು. ಏಜೆಂಟ್ರೆ ಮರ್ಕಂಜ ಬಸ್ಸು ಎಲ್ಲಿ, ಏಜೆಂಟ್ರೆ ಗುತ್ತಿಗಾರಿಗೆ ಕಡೇ ಬಸ್ಸು ಹೋಯ್ತಾ. ನಾನು ಮಂಗಳೂರಿಂದ ಆಚೆ ಹೋದವನಲ್ಲ. ಬೊಂಬಾಯಿಯಲ್ಲಿ ಇಳಿದು ಬಾಯಿ ಬಿಟ್ಟುಕೊಂಡು ನಿಂತರೆ ಮಕ್ಕಳು ಎಂತ ಹೇಳಿಯಾರು? ಪಕ್ಕದಲ್ಲಿ ತಿಳಿದವರೊಬ್ಬರು ಇದ್ದರೆ ನನಗೊಂದು ಧೈರ್ಯ.

ಬೇಡ ಅಂತ ಹೇಳ್ಲಿಕ್ಕಾಗುದಿಲ್ಲ ಈಗ. ಮಾತು ಕೊಟ್ಟಾಯ್ತು. ಹೊರಗಿನವರಿಗೆ ಹತ್ತಿ ಅಂತ ಹೇಳಿ ಆಮೇಲೆ ಇಳಿಸುವ ಪದ್ಧತಿ ನನ್ನಲ್ಲಿಲ್ಲ. ಬಸ್ಸು ಭರ್ತಿಯಾದರೆ ನಾನು ಯಾರನ್ನು ಇಳಿಸುದು? ನಮ್ಮವರನ್ನು. ನನ್ನ ಅಣ್ಣ ಕೂತಿದ್ದರೆ ಅಣ್ಣನನ್ನು, ಭಾವ ಕೂತಿದ್ದರೆ ಭಾವನನ್ನು. ಸ್ವಲ್ಪ ಅಡ್ಜಸ್ಟ್ ಮಾಡಿ ಅಂದರೆ ಅವರು ಏಳ್ತಾರೆ. ಪರರು ಎದ್ದಾರಾ? ಅದಕ್ಕೇ ನಮ್ಮ ಕಂಪೆನಿಯ ಬಸ್ಸಿನಲ್ಲಿ ಜಗಳ ಇಲ್ಲ. ಓನರು ಹತ್ತು ಜನರ ಎದುರು ಹೇಳ್ತಾರೆ, ಸಂಕಪ್ಪನ ಹಾಗೆ ಬಸ್ಸು ತುಂಬಿಸುವವ ಜಿಲ್ಲೆಯಲ್ಲಿಲ್ಲ ಅಂತ.

ಗೊತ್ತಿತ್ತು, ದಿಬ್ಬಣದ ಮಾತು ತೆಗೀತಿ ಅಂತ. ಮದುವೆ ದಿನದ ಕತೆ ಇವತ್ತಿಗೂ ಬಿಡುದಿಲ್ಲ ನೀನು. ಮರ್ಕಂಜದಿಂದ ದಿಬ್ಬಣ ವಾಪಸು ಬರುವಾಗ ಬಸ್ಸು ಭರ್ತಿ, ಅರ್ಧ ದಾರಿಯಲ್ಲಿ ಒಬ್ಬ ಹಿರಿಯರು ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿದರು. ಕಾಲುನೋವಿನ ಮನುಷ್ಯ. ಯಾರನ್ನು ಎಬ್ಬಿಸುದು? ಉಳಿದವರೆಲ್ಲ ಅವತ್ತು ದಿಬ್ಬಣದ ನೆಂಟರು, ನನ್ನವಳು ಅಂತ ಇದ್ದದ್ದು ಆ ಬಸ್ಸಿನಲ್ಲಿ ನೀನೊಬ್ಬಳೇ, ಅದೂ ಎರಡು ಗಂಟೆಯ ಹಿಂದೆ ನನ್ನವಳಾದದ್ದು. ಎಬ್ಬಿಸಿದೆ. ಇಂಜಿನಿನ ಮುಚ್ಚಳದ ಮೇಲೆ ಗೋಣಿ ಹಾಕಿ ಕೂರಿಸಿದೆನಲ್ಲ? ಬಿಸಿ ಇತ್ತು, ಹೌದು. ಧಾರೆಸೀರೆಗೆ ಗ್ರೀಸು ಹಿಡೀತು, ಅದೂ ಹೌದು. ಆದರೆ ಆ ಹಿರಿಯರು ಎಷ್ಟು ಹರಸಿದರು ನಿನ್ನನ್ನು.

ಇರ್ಲಿ, ಹಳೇದು ಬಿಡು. ಕಟ್ಟು, ಬೀಡಿ ಕಟ್ಟು. ಈಗ ಟಿಕೇಟಿನ ವಿಷಯ ಕೇಳು. ಇಲ್ಲ, ತೆಗೆದದ್ದು ಅಂತ ಅಲ್ಲ... ಹೇಳಿ ಇಟ್ಟದ್ದು. ದಸರಾ ರಜೆ ಅಲ್ವಾ, ಬೊಂಬಾಯಿಯವರು ಪೂರ ಊರಿಂದ ವಾಪಸು ಹೋಗುವ ಸಮಯ. ಐದೇ ಉಂಟು ಅಂದ, ಬೇಕಾದರೆ ಈಗ ಹೇಳಿ ಅಂದ. ಟ್ರಂಕ್ ಕಾಲಿನಲ್ಲಿ ಎಷ್ಟು ಯೋಚನೆ ಮಾಡ್ಲಿಕ್ಕಾಗ್ತದೆ? ಇರ್ಲಿ ಐದು ಅಂದೆ. ಸರಿಯಾಗಿ ಐದು ಬೆರಳು, ನೋಡು. ಶೀನಪ್ಪಣ್ಣ ಒಂದು. ದಮಯಂತಿ, ಮಹಾಲಿಂಗ, ಅಮ್ಮು. ಹೆಬ್ಬೆರಳು ನಾನು. ಸಣ್ಣವನಿಗೆ ಟಿಕೇಟು ಬೇಡ, ಅವ ಹೇಗೂ ಮಡಿಲಲ್ಲೇ.

ಯಾರ ಮಡಿಲು ಅಂದರೆ? ದಮಯಂತಿಯ ಮಡಿಲು. ದೊಡ್ಡವಳಲ್ವಾ ಅವಳು.

ಕೈ ಯಾಕೆ ನಿಂತಿತು?

ಸೀತು. ನೂಲು ಬೆರಳಿಗೆ ಸುತ್ತಿ ಹಾಗೇ ಬಿಟ್ಟಿದ್ದೀ. ಎಲೆ ಬಿಚ್ಚಿಕೊಳ್ತದೆ ನೋಡು.

ಅಲ್ಲ, ನಾನು ಯೋಚನೆ ಮಾಡಲಿಲ್ಲ ಅಂತ ತಿಳ್ಕೊಳ್ಳಬೇಡ. ಮಾಡಿದೆ. ಮೊದಲು ನಿನ್ನದೇ ಯೋಚನೆ ಮಾಡಿದ್ದು. ಸೀತು ಬಂದರೆ ಬೊಳ್ಳಿಯ ಹಾಲು ಕರೆಯುದು ಯಾರು ಅಂತ. ಆ ದನ ನಿನ್ನ ಕೈ ಬಿಟ್ಟರೆ ಯಾರನ್ನು ಹತ್ರ ಸೇರಿಸ್ತದೆ? ನೀನು ಜ್ವರದಲ್ಲಿ ಮಲಗಿದ್ದಾಗ ನಾನು ಕೂತದ್ದು ನೆನಪುಂಟಲ್ಲ. ಅಭ್ಯಾಸ ಬಲದಿಂದ ರೈಟ್ ಅಂತ ಹೇಳಿ ವಿಸಿಲ್ ಊದಿಬಿಟ್ಟೆ, ಅದು ಚೆಂಬನ್ನೂ ನನ್ನನ್ನೂ ಒಟ್ಟಿಗೆ ಒದ್ದು ಗೊಬ್ಬರದ ಗುಂಡಿಗೆ ಹಾಕಿತು. ನಗು ಬರುದಿಲ್ವಾ? ಯಾವಾಗಲೂ ಈ ಕತೆಗೆ ನಗ್ತಿಯಲ್ಲ ನೀನು.

ಮತ್ತೆ ಬೀಡಿ. ಒಂದು ವಾರ ಬೀಡಿ ಕೊಡದಿದ್ದರೆ ಬ್ರಾಂಚಿನವ ಎಂತ ಹೇಳಿಯಾನು. ಮತ್ತೆ ತ್ಯಾಂಪಣ್ಣನ ರೂಮೂ ಸಣ್ಣದು. ಅವ... ಅವ ಕೇಳಿದ್ದ, ಅಕ್ಕ ಬರ್ತಾಳಲ್ಲ ಅಂತ. ಮುಂದಿನ ಸರ್ತಿ ಅಂತ ಹೇಳಿ ಕಳಿಸಿದೆ.

ಹಡಗು ಅಂದರೆ ಎಂತ ಮಹಾ? ಸುತ್ತ ಸಮುದ್ರ. ಸಮುದ್ರ ಅಂದರೆ ನೀರು. ನೀನು ನೋಡದ್ದಾ?

ಮಹಾಲಿಂಗ ಕಾಲು ಮುರಿದುಕೊಂಡಾಗ ಮಂಗಳೂರು ಆಸ್ಪತ್ರೆಯಲ್ಲಿ ಅಷ್ಟು ದಿನ ಇದ್ದೆಯಲ್ಲ. ಕಿಟಕಿಯಿಂದ ಕಾಣ್ತಿತ್ತು... ಇಲ್ವಾ. ಹೌದು, ಅಲ್ಲಿ ಗೋಡೆ. ನಾನು ಸಂಜೆ ಸಂಜೆ ಒಬ್ಬನೇ ಹೋಗಿ ಗಾಳಿಗೆ ಕೂತು ಬರ್ತಿದ್ದೆ. ಮಗುವಿನ ಹತ್ರ ಒಬ್ಬರು ಇರಬೇಕಿತ್ತಲ್ಲ.

ಮತ್ತೆ ಸ್ಟಾಫಿನವರ ಟ್ರಿಪ್ಪು. ಎಲ್ಲರ ಮನೆಯವರೂ ಉಳ್ಳಾಲಕ್ಕೆ ಹೋದೆವಲ್ಲ, ಅವತ್ತು ನೀನು... ಓ. ಅವತ್ತು ಕಬಕದಲ್ಲಿ ಓನರಿನ ಭಾವ ಹತ್ತಿದ್ದು. ಸೀಟು ಕಮ್ಮಿ ಆಯ್ತು. ನೀನು ಅಲ್ಲೇ ಇಳಿದು ನಡೆದುಕೊಂಡು ಮನೆಗೆ ಬಂದಿ. ನೀನು ಮಾಡಿದ ಪತ್ರೊಡೆ ಮಾತ್ರ ಉಳ್ಳಾಲಕ್ಕೆ ಬಂತು. ಎಲ್ಲರೂ ಮರಳಿನಲ್ಲಿ ಕೂತು ತಿಂದರು, ಭಾರೀ ಲಾಯ್ಕ ಆಗಿದೆ ಅಂದರು. ನಾನು ಹೇಳಿದ್ದೆನಲ್ಲ ನಿನಗೆ, ಲಾಯ್ಕ ಆಗಿದೆ ಅಂದರು ಅಂತ.

ಹಾಗಾದರೆ ನೀನು ಸಮುದ್ರ ನೋಡಿದ್ದು ಯಾವಾಗ?

ಒಂದು ಸರ್ತಿಯೂ ಇಲ್ವಾ?

ಇಲ್ಲಿಂದ ಎರಡು ಗಂಟೆಯ ದಾರಿ. ದಿನಕ್ಕೆ ಎಷ್ಟು ಬಸ್ಸು ಬಿಡ್ತೇನೆ ನಾನು ಆ ದಾರಿಗೆ. ಮಂಗಳೂರು ಮಂಗಳೂರು ಅಂತ ಬೊಬ್ಬೆ ಹೊಡೆದು ಹೊಡೆದು ನನ್ನ ಗಂಟಲು ಹೋಗಿದೆ. ಗುರ್ತ ಇಲ್ಲದವರನ್ನು ಕೈ ಹಿಡಿದು ಎಳೆದು ಹತ್ತಿಸಿದ್ದೇನೆ. ನಿನಗೆ ಹೇಳಿದ್ದೆ ನಾನು, ಮದುವೆಯಾದ ಹೊಸತಿನಲ್ಲಿ, ಸಮುದ್ರ ತೋರಿಸ್ತೇನೆ ಅಂತ. ನೀನು ಮರೆತಿ ಅಂತ ಮಾಡಿದ್ದೆ. ಕೇಳಲೇ ಇಲ್ಲವಲ್ಲ ಮತ್ತೆ ನೀನು.

ಸೀತು, ಬೈದುಬಿಡು ಮಾರಾಯ್ತಿ. ಹೀಗೆ ಸುಮ್ಮನೆ ನೋಡಿದರೆ ನನಗೆ ಹೆದರಿಕೆ ಆಗ್ತದೆ. ನಾನು ಸೀಟಿನಿಂದ ಇಳಿಸಿದವರು ಎಲ್ಲರೂ ಒಂದಲ್ಲ ಒಂದು ದಿನ ನನಗೆ ಬೈದಿದ್ದಾರೆ. ಅಣ್ಣ ಬೈದಿದ್ದಾನೆ, ಭಾವ ಎರಡು ವರ್ಷ ಮನೆಗೆ ಬರಲಿಲ್ಲ. ಬಾಯಿ ತೆರೆಯದೆ ಇಳಿದವಳು ನೀನೊಬ್ಬಳೇ. ಅದಕ್ಕೇ ಪ್ರತಿ ಸರ್ತಿ ನಿನ್ನನ್ನೇ ಇಳಿಸಿದ್ದು ಅಂತ ಕಾಣ್ತದೆ ನಾನು. ನಾಚಿಕೆ ಆಗ್ತದೆ ನನಗೆ.

ಎಲ್ಲಿಗೆ ಎದ್ದದ್ದು? ಮಡಿಲಿನ ಎಲೆಯ ತಡ್ಪೆ ಕೆಳಗಿಟ್ಟಿ, ಬೀಡಿ ಅರ್ಧದಲ್ಲಿ ಉಂಟು. ಸಣ್ಣವ ಎದ್ದನಾ? ಇಲ್ಲವಲ್ಲ. ಕೊಟ್ಟಿಗೆಗಾ? ಹಾಲು ಕರೆಯುವ ಹೊತ್ತು ಆಗ್ಲಿಲ್ಲ ಇನ್ನೂ... ಆಯ್ತು, ಬಂದೆ, ಬಂದೆ.

ಎಂತ ಇದು? ಚೆಂಬು ನನ್ನ ಕೈಗೆ ಯಾಕೆ ಕೊಡುದು?

ನಾನಾ? ಬೊಳ್ಳಿಯನ್ನು? ಅದು ನನ್ನನ್ನು ಕೊಂದೀತು. ಕಲಿತು ಎಂತ ಮಾಡ್ಲಿಕ್ಕುಂಟು, ದಸರಾಕ್ಕೆ ಹೇಗೂ ನಾನು ಇಲ್ಲಿ...

ಓ.

ಶೀನಪ್ಪಣ್ಣನನ್ನು ಇಳಿಸ್ಲಿಕ್ಕಾಗುದಿಲ್ಲ, ಹೊರಗಿನವರು. ಮಕ್ಕಳಿಗೆ ಆಸೆ ಹುಟ್ಟಿಸಿ ಆಗಿದೆ. ಬಸ್ಸು ಭರ್ತಿಯಾದರೆ ನಮ್ಮವರನ್ನು ಇಳಿಸುದು. ನಾನೇ ಹೇಳಿದ್ದು, ಈಗ ಅರ್ಧ ಗಂಟೆ ಆಗ್ಲಿಲ್ಲ. ನನಗೆ ನನಗಿಂತ ಹತ್ತಿರದವ ಯಾರಿದ್ದಾನೆ?

ಹೌದು ಅಂತ ಹೇಳು. ಆಗಲೇ ಕರುವಿನ ಹಗ್ಗಕ್ಕೆ ಕೈ ಹಾಕಿದಿಯಾ?

ಆಯ್ತು. ನನ್ನ ಟಿಕೇಟಿನಲ್ಲಿ ನೀನು ಹೋಗುದು ಅಂತ ಶೀನಪ್ಪಣ್ಣನಿಗೆ ಇವತ್ತೇ ಹೇಳ್ತೇನೆ. ತ್ಯಾಂಪಣ್ಣನಿಗೂ ತಿಳಿಸ್ತೇನೆ, ಅಕ್ಕ ಬರ್ತಾಳೆ ಅಂತ. ನೀನು ಕಂಬಿಯ ಹತ್ರ ಚಾಪೆ ಹಾಕು, ಸಮುದ್ರ ಕಾಣುವ ಕಡೆ. ಹಗ್ಗದ ಗಂಟು ನಾನು ಕಲಿಸಿ ಕೊಡ್ತೇನೆ. ಯಾರಾದರೂ ಬಂದು ಸ್ವಲ್ಪ ಏಳಿ ಅಂದರೆ ಏಳಬೇಡ. ನಾನೇ ಬಂದು ಹೇಳಿದರೂ ಏಳಬೇಡ, ಗೊತ್ತಾಯ್ತಾ.

ಎಲ್ಲಿ, ಕರು ಬಿಡು. ನೀನು ಇಲ್ಲೇ ನಿಲ್ಲು, ದೂರ ಹೋಗಬೇಡ... ಹೇ ಬೊಳ್ಳಿ, ನಾನು, ಸಂಕಪ್ಪ. ವಿಸಿಲ್ ಜಗಲಿಯಲ್ಲೇ ಬಿಟ್ಟು ಬಂದಿದ್ದೇನೆ ನೋಡು, ಕೈಯಲ್ಲಿ ಚೆಂಬು ಮಾತ್ರ. ಕಾಲು... ಕಾಲು ಎತ್ತಬೇಡ. ಸ್ವಲ್ಪ ಆಚೆ ಸರಿ ಮಾರಾಯ್ತಿ, ಇಲ್ಲಿ ಒಬ್ಬನಿಗೆ ಕೂರ್ಲಿಕ್ಕೆ ಜಾಗ ಬೇಕು. ಒಂಚೂರು ಅಡ್ಜಸ್ಟ್ ಮಾಡು.